ನಿಯಮ ಬದಲಾದ ಮೇಲೂ ಮಗು ಹಳೆಯ ನಿಯಮವನ್ನೇ ಯಾಕೆ ಹಿಡಿಯುತ್ತೆ? 3–5 ವರ್ಷದವರಿಗೆ ಪ್ರಯೋಗ ರೂಪಿಸಲು ಸಲಹೆ ಬೇಕು

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮನೋವಿಜ್ಞಾನ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಂಗನವಾಡಿಯ 3ರಿಂದ 5 ವರ್ಷದ ಮಕ್ಕಳ ಜೊತೆ ಒಂದು ಸಣ್ಣ ಅಧ್ಯಯನ ಮಾಡಬೇಕು. ಎರಡು ವಸ್ತುಗಳಲ್ಲಿ ‘ಸರಿ’ ಯಾವುದು ಅನ್ನೋದನ್ನು ಮಗು ಕಲಿತ ಮೇಲೆ ನಿಯಮವನ್ನೇ ಬದಲಿಸಿದರೆ ಎಷ್ಟು ಬೇಗ ಹೊಂದಿಕೊಳ್ಳುತ್ತೆ ಅನ್ನೋದು ವಿಷಯ.

ಸದ್ಯದ ಯೋಜನೆ ಇದು. ರಟ್ಟಿನ ನಾಲ್ಕು ಚೌಕ: ದೊಡ್ಡ ಕೆಂಪು, ದೊಡ್ಡ ಹಸಿರು, ಸಣ್ಣ ಕೆಂಪು, ಸಣ್ಣ ಹಸಿರು. ಪ್ರತಿ ಸಲ ಎರಡನ್ನು ಮುಂದಿಡುತ್ತೇನೆ, ಸರಿಯಾದದ್ದರ ಕೆಳಗೆ ಒಂದು ಗೋಲಿ ಇರುತ್ತದೆ. ಮೊದಲು ‘ದೊಡ್ಡದೇ ಸರಿ’ ಎಂದು 10 ಸಲ ಕಲಿಸುವುದು. ಆಮೇಲೆ ಒಂದು ಗುಂಪಿಗೆ ‘ಸಣ್ಣದು ಸರಿ’ (ಉಲ್ಟಾ), ಇನ್ನೊಂದು ಗುಂಪಿಗೆ ‘ಕೆಂಪು ಸರಿ’ (ಬೇರೆ ಆಯಾಮ, ಅಂದರೆ ಗಾತ್ರದ ಬದಲು ಬಣ್ಣ). ಯಾವ ಗುಂಪು ಕಡಿಮೆ ಪ್ರಯತ್ನದಲ್ಲಿ ಕಲಿಯುತ್ತೆ ಅಂತ ಸರಾಸರಿ ತೆಗೆದು ಹೋಲಿಸುವುದು.

ಪ್ರಶ್ನೆಗಳು: ಈ ಹೋಲಿಕೆ ನ್ಯಾಯವಾದದ್ದಾ? 10 ಸಲ ಸಾಕಾ? ಇದರ ಬದಲು ಈಗ ಎಲ್ಲರೂ ಬಳಸುವ ಡಿಸಿಸಿಎಸ್ ಕಾರ್ಡ್ ವಿಂಗಡಣೆ (ಒಂದೇ ಬಗೆಯ ಕಾರ್ಡ್‌ಗಳನ್ನು ಮೊದಲು ಒಂದು ಗುಣದಂತೆ, ಆಮೇಲೆ ಇನ್ನೊಂದು ಗುಣದಂತೆ ವಿಂಗಡಿಸುವ ಪರೀಕ್ಷೆ) ಮಾಡಿದರೆ ಒಳ್ಳೆಯದಾ? ಕನ್ನಡದಲ್ಲಿ ಸೂಚನೆ ಹೇಗೆ ಹೇಳಬೇಕು?

ಕಲಿಕೆ ಮತ್ತು ಗಮನ:

ಮೊದಲನೇ ಪ್ರಶ್ನೆಗೆ ಉತ್ತರ: ಈಗಿರುವ ರೂಪದಲ್ಲಿ ಹೋಲಿಕೆ ನ್ಯಾಯವಾದದ್ದಲ್ಲ. ನಿಮ್ಮ ಚೌಕಗಳನ್ನೇ ಇಟ್ಟುಕೊಂಡು ನೋಡೋಣ.

ಗಾತ್ರ, ಬಣ್ಣ ಎರಡೂ ಬೇರೆ ಇರುವಂತೆ ಇಟ್ಟರೆ ನಿಮಗೆ ಸಿಗುವ ಜೋಡಿಗಳು ಎರಡೇ. ಜೋಡಿ 1: ದೊಡ್ಡ ಕೆಂಪು – ಸಣ್ಣ ಹಸಿರು. ಜೋಡಿ 2: ದೊಡ್ಡ ಹಸಿರು – ಸಣ್ಣ ಕೆಂಪು. ಮೊದಲ ಹಂತದಲ್ಲಿ ಎರಡರಲ್ಲೂ ದೊಡ್ಡದೇ ಸರಿ. ‘ಸಣ್ಣದು ಸರಿ’ ಎಂದು ಉಲ್ಟಾ ಮಾಡಿದಾಗ ಎರಡೂ ಜೋಡಿಯ ಉತ್ತರ ತಿರುಗುತ್ತದೆ. ಹಳೆಯ ನಿಯಮದಲ್ಲೇ ಇರುವ ಮಗುವಿಗೆ ಒಂದು ಗೋಲಿಯೂ ಸಿಗುವುದಿಲ್ಲ. ‘ಕೆಂಪು ಸರಿ’ ಮಾಡಿದಾಗ ಜೋಡಿ 1ರಲ್ಲಿ ಸರಿಯುತ್ತರ ಮೊದಲಿನದ್ದೇ, ದೊಡ್ಡ ಕೆಂಪು. ತಿರುಗುವುದು ಜೋಡಿ 2 ಮಾತ್ರ. ಹಳೆಯ ನಿಯಮದಲ್ಲೇ ಇದ್ದರೂ ಅರ್ಧದಷ್ಟು ಸಲ ಗೋಲಿ ಸಿಗುತ್ತಲೇ ಇರುತ್ತದೆ. ಒಂದು ಗುಂಪಿಗೆ ಹಳೆಯ ನಿಯಮ ಪೂರ್ತಿ ಕೈಕೊಡುತ್ತದೆ, ಇನ್ನೊಂದಕ್ಕೆ ಅರ್ಧ ನಡೆಯುತ್ತದೆ. ಹಾಗಾಗಿ ಎರಡು ಗುಂಪಿನ ವ್ಯತ್ಯಾಸ ಆಯಾಮ ಬದಲಾದದ್ದರಿಂದ ಬಂತೋ, ಬಹುಮಾನ ಸಿಗುವ ರೀತಿಯಿಂದ ಬಂತೋ ಹೇಳಲಾಗದು.

ಹಿನ್ನೆಲೆ ಗೊತ್ತಿದ್ದರೆ ನಿಮ್ಮ ಪರಿಚಯ ಭಾಗ ಬರೆಯಲು ಅನುಕೂಲ. ಹೋವರ್ಡ್ ಕೆಂಡ್ಲರ್ ಮತ್ತು ಟ್ರೇಸಿ ಕೆಂಡ್ಲರ್ ಅಮೆರಿಕದಲ್ಲಿ 1950ರ ದಶಕದ ಕೊನೆಯಿಂದ ಇದನ್ನೇ ಅಧ್ಯಯನ ಮಾಡಿದರು. ಇಲಿಗಳಿಗೆ ಬೇರೆ ಆಯಾಮಕ್ಕೆ ಹೋಗುವುದು ಸುಲಭ, ಉಲ್ಟಾ ಕಷ್ಟ. ಕಾಲೇಜು ವಿದ್ಯಾರ್ಥಿಗಳಿಗೆ ಉಲ್ಟಾ ಸುಲಭ. 1959ರಲ್ಲಿ ಅವರು ಪ್ರಕಟಿಸಿದ ಕಿಂಡರ್‌ಗಾರ್ಟನ್ ಮಕ್ಕಳ ಅಧ್ಯಯನದಲ್ಲಿ ಇಡೀ ಗುಂಪನ್ನು ಒಟ್ಟಿಗೆ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಮೊದಲ ನಿಯಮವನ್ನು ಬೇಗ ಕಲಿತವರನ್ನೂ ನಿಧಾನವಾಗಿ ಕಲಿತವರನ್ನೂ ಬೇರೆ ಮಾಡಿದಾಗ ವಿಷಯ ಬಯಲಾಯಿತು: ಬೇಗ ಕಲಿತವರು ಉಲ್ಟಾವನ್ನು ಸುಲಭವಾಗಿ ಮಾಡಿದರು, ನಿಧಾನದವರು ಆಯಾಮ ಬದಲಾವಣೆಯನ್ನು. ಮಗು ‘ದೊಡ್ಡದು–ಸಣ್ಣದು’ ಎಂದು ಒಳಗೊಳಗೇ ಹೆಸರಿಟ್ಟುಕೊಂಡು ಕಲಿಯಲು ಶುರುಮಾಡುವ ವಯಸ್ಸು ಇದು, ಆಯಾಮವನ್ನು ಹಿಡಿದ ಮಗುವಿಗೆ ಉಲ್ಟಾ ಅಂದರೆ ಅದೇ ಆಯಾಮದ ಇನ್ನೊಂದು ತುದಿ ಅಷ್ಟೇ ಎಂಬುದು ಅವರ ವಿವರಣೆ. ಸರಾಸರಿ ಮಾತ್ರ ನೋಡಿದರೆ ಏನು ಕಳೆದುಹೋಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮಗೆ ಸಿಗಲಿಕ್ಕಿಲ್ಲ.

ನಿಮ್ಮ ಚೌಕಗಳನ್ನು ಬಿಡುವುದು ಬೇಡ ಅನ್ನಿಸಿದರೆ ಎರಡು ದಾರಿ ಇವೆ.

ಒಂದು, ಜೋಡಿಗಳನ್ನು ಬೇರೆಬೇರೆಯಾಗಿ ಎಣಿಸುವುದು. ಥಾಮಸ್ ಟೈ, ಲೂಯಿಸ್ ಟೈ ದಂಪತಿ ಈ ವಿಧಾನವನ್ನು ಬೆಳೆಸಿದರು. ಆಯಾಮ ಬದಲಾದ ಗುಂಪಿನಲ್ಲಿ ಉತ್ತರ ಬದಲಾಗದ ಜೋಡಿ (ನಿಮ್ಮ ಜೋಡಿ 1) ಒಂದು ಕಾಲಂನಲ್ಲಿ, ಬದಲಾದ ಜೋಡಿ ಇನ್ನೊಂದರಲ್ಲಿ. ಜೋಡಿ 1ರಲ್ಲಿ ಮಗು ಒಂದೂ ತಪ್ಪದೆ ಜೋಡಿ 2ನ್ನು ಮಾತ್ರ ನಿಧಾನವಾಗಿ ತಿದ್ದಿಕೊಂಡರೆ ಅದು ಪ್ರತಿ ಜೋಡಿಯನ್ನೂ ಬಿಡಿಬಿಡಿಯಾಗಿ ಕಲಿಯುತ್ತಿದೆ. ಜೋಡಿ 2ರಲ್ಲಿ ಗೋಲಿ ಸಿಗದಿದ್ದಾಗ ಜೋಡಿ 1ರಲ್ಲೂ ತಪ್ಪಲು ಶುರುಮಾಡಿದರೆ ಅದು ‘ದೊಡ್ಡದು’ ಎಂಬ ನಿಯಮವನ್ನೇ ಅನುಮಾನಿಸಲು ಶುರುಮಾಡಿದೆ. ಇಲ್ಲಿ ಹೆಚ್ಚು ತಪ್ಪು ಮಾಡಿದ ಮಗುವೇ ಹೆಚ್ಚು ಪ್ರೌಢವಾಗಿ ಕಲಿಯುತ್ತಿರಬಹುದು. ಒಟ್ಟು ಅಂಕ ಮಾತ್ರ ಬರೆದಿಟ್ಟರೆ ಇದು ಎಂದಿಗೂ ತಿಳಿಯುವುದಿಲ್ಲ.

ಎರಡು, ಬದಲಾವಣೆ ಆದಾಗ ಬಣ್ಣ, ಆಕಾರಗಳನ್ನೇ ಹೊಸದಾಗಿಸುವುದು. ಮೊದಲ ಹಂತದಲ್ಲಿ ಕೆಂಪು/ಹಸಿರು ಚೌಕ–ವೃತ್ತ, ಎರಡನೆಯದರಲ್ಲಿ ಹಳದಿ/ನೀಲಿ ತ್ರಿಕೋನ–ನಕ್ಷತ್ರ. ಒಂದು ಗುಂಪಿಗೆ ಬಣ್ಣದಿಂದ ಬಣ್ಣಕ್ಕೆ, ಇನ್ನೊಂದಕ್ಕೆ ಬಣ್ಣದಿಂದ ಆಕಾರಕ್ಕೆ. ಹಳೆಯ ಉತ್ತರಕ್ಕೆ ಎರಡೂ ಗುಂಪಿನಲ್ಲಿ ಬಹುಮಾನ ಸಿಗುವ ಅವಕಾಶವೇ ಇಲ್ಲ, ಹಾಗಾಗಿ ಹೋಲಿಕೆ ಶುದ್ಧ. ಆದರೆ ಉಲ್ಟಾ ನಿಯಮ ಇದರಲ್ಲಿ ಇರುವುದಿಲ್ಲ. ನಿಮ್ಮ ಪ್ರಶ್ನೆ ‘ಗಮನ ಒಂದು ಆಯಾಮದಿಂದ ಇನ್ನೊಂದಕ್ಕೆ ಹೋಗುತ್ತದೆಯೇ’ ಎಂದಾದರೆ ಇದೇ ಸರಿ.

10 ಸಲ ಖಂಡಿತ ಸಾಲದು. ಕಲಿತದ್ದು ಖಚಿತವಾದ ಮೇಲೆ ಮಾತ್ರ ಬದಲಿಸಬೇಕು. ‘ಕೊನೆಯ 10ರಲ್ಲಿ 9 ಸರಿ’ ಎಂಬ ಅಳತೆ ಇಡಿ. ಒಂದು ಸಲದ 10 ಪ್ರಯತ್ನದಲ್ಲಿ ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ 1024ರಲ್ಲಿ 11, ಸುಮಾರು ಶೇ 1. ಆದರೆ ಆ ‘ಕೊನೆಯ 10’ ಎಂಬ ಕಿಟಕಿಯನ್ನು ಒಂದೊಂದು ಪ್ರಯತ್ನಕ್ಕೆ ಜರುಗಿಸುತ್ತಾ 60–70 ಪ್ರಯತ್ನದವರೆಗೆ ಹೋದರೆ ಅದೃಷ್ಟದಿಂದ ಪಾಸಾಗುವ ಸಾಧ್ಯತೆ ಏರುತ್ತದೆ. ಆದ್ದರಿಂದ 40ಕ್ಕೆ ನಿಲ್ಲಿಸಿ. ಅಷ್ಟರಲ್ಲಿ ಕಲಿಯದ ಮಗುವನ್ನು ‘ಮೊದಲ ಹಂತ ಮುಗಿಸಲಿಲ್ಲ’ ಎಂದು ಬೇರೆಯಾಗಿ ವರದಿ ಮಾಡಿ, ಪಟ್ಟಿಯಿಂದ ಮಾಯ ಮಾಡಬೇಡಿ. ಅಳತೆ ಮುಟ್ಟಿದ ಮೇಲೆ ಎಷ್ಟು ಹೆಚ್ಚುವರಿ ಪ್ರಯತ್ನ ಕೊಡುತ್ತೀರಿ ಅನ್ನುವುದೂ ಎಲ್ಲರಿಗೂ ಒಂದೇ ಇರಲಿ. ಇಲಿಗಳಲ್ಲಿ ಹೆಚ್ಚು ಅಭ್ಯಾಸ ಕೊಟ್ಟಾಗ ಉಲ್ಟಾ ಕಲಿಕೆ ಬೇಗವಾದದ್ದು 1953ರಲ್ಲೇ ವರದಿಯಾಗಿದೆ. ಹೆಚ್ಚು ಅಭ್ಯಾಸ ಅಂದರೆ ಹೆಚ್ಚು ಮೊಂಡು ಎಂದು ಭಾವಿಸಿ ಹೊರಡಬೇಡಿ.

ಕೊನೆಯದಾಗಿ, ಗೋಲಿ ಬೇಡ. 3 ವರ್ಷದವರು ಬಾಯಿಗೆ ಹಾಕುತ್ತಾರೆ, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ ಅದು. ರಟ್ಟಿನ ಅಡಿಯಲ್ಲಿ ಒಂದು ನಗುಮುಖದ ಸ್ಟಿಕ್ಕರ್ ಅಂಟಿಸಿದರೂ ಆಗುತ್ತದೆ. ಸ್ಟಿಕ್ಕರ್ ಇರುವ ರಟ್ಟು ಒಂದು ಬದಿ ಎತ್ತರವಾಗಿ ಕೂರದಂತೆ ನೋಡಿಕೊಳ್ಳಿ. ಮಕ್ಕಳು ಅದನ್ನು ನಮಗಿಂತ ಮೊದಲೇ ಕಂಡುಹಿಡಿಯುತ್ತಾರೆ.

ಮಾಪನ ಮೈಸೂರು:

ಡಿಸಿಸಿಎಸ್ ಬಗ್ಗೆ ಕೇಳಿದ್ದೀರಿ. ನಿಮ್ಮ ವಯೋಮಾನಕ್ಕೂ ಸಮಯಕ್ಕೂ ಅದೇ ಹೆಚ್ಚು ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಇಲ್ಲಿ ನಿಯಮವನ್ನು ಮಗು ಹುಡುಕಬೇಕಿಲ್ಲ, ನಾವೇ ಹೇಳುತ್ತೇವೆ. ನಿಯಮ ಗೊತ್ತಾಗಲಿಲ್ಲ ಎಂಬ ಗೊಂದಲ ಅರ್ಧ ಅಲ್ಲೇ ಕಳೆಯುತ್ತದೆ. ಫಿಲಿಪ್ ಝೆಲಾಝೊ ಮತ್ತು ಸಹೋದ್ಯೋಗಿಗಳು ರೂಪಿಸಿದ್ದು. 2006ರಲ್ಲಿ ಅವರು ಪೂರ್ತಿ ವಿಧಾನವನ್ನು ಹಂತಹಂತವಾಗಿ ಪ್ರಕಟಿಸಿದ್ದಾರೆ. ಕ್ರಮ ಹೀಗಿದೆ.

ಎರಡು ತಟ್ಟೆ ಅಥವಾ ಡಬ್ಬಿ. ಒಂದರ ಹಿಂದೆ ನೀಲಿ ಮೊಲದ ಕಾರ್ಡ್, ಇನ್ನೊಂದರ ಹಿಂದೆ ಕೆಂಪು ದೋಣಿಯ ಕಾರ್ಡ್ ನಿಲ್ಲಿಸಿ. ಇವು ಕೊನೆಯವರೆಗೂ ಕದಲುವುದಿಲ್ಲ. ಮಗು ವಿಂಗಡಿಸುವ ಕಾರ್ಡ್‌ಗಳು ಕೆಂಪು ಮೊಲ, ನೀಲಿ ದೋಣಿ. ಅಂದರೆ ಪ್ರತಿ ಕಾರ್ಡೂ ಬಣ್ಣದಲ್ಲಿ ಒಂದು ತಟ್ಟೆಗೆ, ಚಿತ್ರದಲ್ಲಿ ಇನ್ನೊಂದು ತಟ್ಟೆಗೆ ಸೇರುತ್ತದೆ. ಈ ಅಡ್ಡಜೋಡಣೆ ತಪ್ಪಿದರೆ ಪರೀಕ್ಷೆಯೇ ಇಲ್ಲ. ಮುದ್ರಿಸುವಾಗ ತಪ್ಪಿ ನಾಲ್ಕೂ ಬಗೆ ಕಲಸಿಹೋಗುವುದು ಸಾಮಾನ್ಯ, ಆದ್ದರಿಂದ ಕಟ್ಟು ಕಟ್ಟುವ ಮೊದಲು ಒಮ್ಮೆ ಕಾರ್ಡ್‌ಗಳನ್ನು ಹರಡಿ ನೋಡಿ.

ಮೊದಲ ಆಟದ ನಿಯಮ ಹೇಳಿ ಒಂದು ಕಾರ್ಡನ್ನು ನೀವು ಹಾಕಿ ತೋರಿಸಿ, ಒಂದನ್ನು ಮಗುವಿನ ಕೈಯಲ್ಲಿ ಹಾಕಿಸಿ, ತಪ್ಪಿದರೆ ತಿದ್ದಿ. ಆಮೇಲೆ 6 ಪ್ರಯತ್ನ. ಪ್ರತಿ ಸಲ ನಿಯಮವನ್ನು ಮತ್ತೆ ಹೇಳಬೇಕು, ಕಾರ್ಡ್ ತೋರಿಸಿ ಈ ಆಟಕ್ಕೆ ಬೇಕಾದ ಗುಣವನ್ನು ಮಾತ್ರ ಹೆಸರಿಸಬೇಕು. ಸರಿ, ತಪ್ಪು ಎಂದು ಹೇಳುವಂತಿಲ್ಲ. ‘ಆಯ್ತು, ಇನ್ನೊಂದು ನೋಡೋಣ’ ಅಷ್ಟೇ, ಅದೂ ಎಲ್ಲ ಸಲ ಒಂದೇ ದನಿಯಲ್ಲಿ. ಒಂದೇ ಕಾರ್ಡ್ ಸತತ ಮೂರು ಸಲ ಬರಬಾರದು. ಹಾಕಿದ ಕಾರ್ಡ್ ಕವುಚಿ ಬೀಳಬೇಕು.

ಆರು ಮುಗಿದ ತಕ್ಷಣ, ನಡುವೆ ವಿರಾಮ ಕೊಡದೆ, ‘ಆ ಆಟ ಮುಗೀತು, ಈಗ ಬೇರೆ ಆಟ’ ಎಂದು ಹೊಸ ನಿಯಮ ಹೇಳಿ. ಈ ಸಲ ಮಾಡಿ ತೋರಿಸುವುದಿಲ್ಲ. ಮತ್ತೆ 6 ಪ್ರಯತ್ನ. 6ರಲ್ಲಿ 5 ಬಂದರೆ ಪಾಸ್. ಅರ್ಧ ಮಕ್ಕಳಿಗೆ ಬಣ್ಣ ಮೊದಲು, ಉಳಿದರ್ಧಕ್ಕೆ ಚಿತ್ರ ಮೊದಲು. ಹೀಗೆ ಒಬ್ಬ ಮಗುವಿಗೆ 2+6+6, ಒಟ್ಟು 14 ಕಾರ್ಡ್.

ಕವುಚಿ ಹಾಕುವುದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕರ್ಕಮ್, ಕ್ರೂಸ್ ಮತ್ತು ಡೈಮಂಡ್ 2003ರಲ್ಲಿ ಕಾರ್ಡ್‌ಗಳನ್ನು ಮೇಲ್ಮುಖವಾಗಿ ಬಿಟ್ಟಾಗ, ಸಾಮಾನ್ಯವಾಗಿ ಪಾಸಾಗುವ 4 ವರ್ಷದವರೂ ಎಡವಿದರು. ತಟ್ಟೆಯಲ್ಲಿ ಕೆಂಪು ರಾಶಿ ಕಣ್ಣಿಗೆ ಕುಕ್ಕುತ್ತಿದ್ದರೆ ‘ಕೆಂಪು ಹೋಗುವ ಜಾಗ ಇದು’ ಎಂಬ ಹಳೆಯ ನೋಟದಿಂದ ಹೊರಬರುವುದು ಇನ್ನೂ ಕಷ್ಟ.

ಫಲಿತಾಂಶ ಹೇಗಿರುತ್ತದೆ ಅಂದರೆ, 3 ವರ್ಷದವರಲ್ಲಿ ಹೆಚ್ಚಿನವರು ಮೊದಲ ಆಟವನ್ನು ಸಲೀಸಾಗಿ ಮುಗಿಸಿ, ಎರಡನೆಯದರಲ್ಲೂ ಮೊದಲ ನಿಯಮದಂತೆಯೇ ಆರೂ ಕಾರ್ಡ್ ಹಾಕುತ್ತಾರೆ. 4ರಿಂದ 5ರ ಹೊತ್ತಿಗೆ ಹೆಚ್ಚಿನವರು ಬದಲಾಯಿಸುತ್ತಾರೆ. ವಯಸ್ಸನ್ನು ‘3 ವರ್ಷ’ ಎಂದು ಬರೆಯದೆ ತಿಂಗಳಲ್ಲಿ ಬರೆಯಿರಿ. ಈ ಅವಧಿಯಲ್ಲಿ ಆರು ತಿಂಗಳು ಬಹಳ ದೊಡ್ಡ ಅಂತರ. 37 ತಿಂಗಳ ಮಗುವನ್ನೂ 47 ತಿಂಗಳ ಮಗುವನ್ನೂ ಒಂದೇ ಬುಟ್ಟಿಗೆ ಹಾಕಿದರೆ ನಿಮಗೆ ಏನೂ ಕಾಣದು.

ಅಂಗಳ:

ಕನ್ನಡದ ಸೂಚನೆ ಮತ್ತು ಜಾಗದ ಬಗ್ಗೆ ನಾನು ಬರೆಯುತ್ತೇನೆ.

‘ಆಕಾರದ ಆಟ’ ಎಂದು ಹೇಳಬೇಡಿ. ಆಕಾರ ಎಂಬ ಪದ 3 ವರ್ಷದ ಮಗುವಿಗೆ ಗೊತ್ತಿರುವುದಿಲ್ಲ. ‘ಚಿತ್ರದ ಆಟ’ ಅನ್ನಿ. ‘ಈಗ ಬಣ್ಣದ ಆಟ ಆಡೋಣ. ಕೆಂಪು ಇರೋದೆಲ್ಲ ಇಲ್ಲಿ ಹಾಕಬೇಕು, ನೀಲಿ ಇರೋದೆಲ್ಲ ಅಲ್ಲಿ ಹಾಕಬೇಕು’ ಎಂದು ತಟ್ಟೆ ತೋರಿಸಿ ಹೇಳಿ. ಕಾರ್ಡ್ ಎತ್ತಿ ‘ಇದು ಕೆಂಪು. ಎಲ್ಲಿ ಹಾಕ್ತೀಯ?’ ಅಷ್ಟೇ. ಬಾಯಿಗೆ ತಾನಾಗಿ ಬರುವುದು ‘ಕೆಂಪು ಮೊಲ ಎಲ್ಲಿ ಹಾಕ್ತೀಯ?’ ಎಂಬ ಮಾತು, ಅದನ್ನು ತಡೆಯಬೇಕು. ಎರಡೂ ಗುಣ ಹೆಸರಿಸಿದ ಕೂಡಲೇ ನೀವು ಬೇರೆಯೇ ಪರೀಕ್ಷೆ ಮಾಡುತ್ತಿದ್ದೀರಿ. ಸೂಚನೆಯನ್ನು ಅಕ್ಷರಶಃ ಬರೆದು ತಟ್ಟೆಯ ಪಕ್ಕ ಇಟ್ಟುಕೊಳ್ಳಿ.

ಬಣ್ಣದ ಹೆಸರನ್ನು ಮೊದಲೇ ಪರೀಕ್ಷಿಸಿ: ಎರಡು ತುಂಡು ಕಾಗದ ಇಟ್ಟು ‘ಕೆಂಪು ಯಾವುದು ತೋರಿಸು’ ಎಂದು ಕೇಳಿ. ಹಳ್ಳಿಯ ಅಂಗನವಾಡಿಯಲ್ಲೂ ಈಗ ಎಷ್ಟೋ ಮಕ್ಕಳು ರೆಡ್, ಬ್ಲೂ ಎನ್ನುತ್ತಾರೆ. ಆ ಮಗು ಬಳಸುವ ಪದವನ್ನೇ ನೀವೂ ಬಳಸಿ, ಯಾವ ಪದ ಬಳಸಿದಿರಿ ಎಂದು ಹಾಳೆಯಲ್ಲಿ ಬರೆದಿಡಿ. ನಿಮ್ಮ ಯೋಜನೆಯಲ್ಲಿರುವ ಕೆಂಪು–ಹಸಿರು ಜೋಡಿ ಬಿಡಿ. ಕೆಂಪು–ಹಸಿರು ಬಣ್ಣಗುರುಡು ಇರುವ ಗಂಡುಮಕ್ಕಳು ಯಾವ ಗುಂಪಿನಲ್ಲೂ ಸಿಗಬಹುದು, 3 ವರ್ಷದಲ್ಲಿ ಅದು ಮನೆಯವರಿಗೂ ಗೊತ್ತಿರುವುದಿಲ್ಲ. ಕೆಂಪು–ನೀಲಿ ಕ್ಷೇಮ.

ಚಿತ್ರಗಳಿಗೂ ಇದೇ ಮಾತು. ದೋಣಿ ನೋಡದ ಮಕ್ಕಳು ಒಳನಾಡಿನಲ್ಲಿ ಇದ್ದಾರೆ. ಹಾಗೆಂದು ಬಸ್ಸು ಹಾಕಲು ಹೋಗಬೇಡಿ, ನಮ್ಮ ಮಕ್ಕಳ ಮನಸ್ಸಿನಲ್ಲಿ ಬಸ್ಸು ಅಂದರೆ ಕೆಂಪು; ಚಿತ್ರಕ್ಕೆ ತನ್ನದೇ ಬಣ್ಣ ಅಂಟಿಕೊಂಡಿದ್ದರೆ ಎರಡು ಆಯಾಮ ಸ್ವತಂತ್ರವಾಗಿ ಉಳಿಯುವುದಿಲ್ಲ. ಟೊಮೆಟೊ, ದಾಸವಾಳವೂ ಬೇಡ. ಮೊಲ ಮತ್ತು ಕಾರು ಚೆನ್ನಾಗಿ ನಡೆಯುತ್ತದೆ.

ಮನೆಯ ಭಾಷೆ ಬರೆದುಕೊಳ್ಳಿ. ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಾಗಿ ಕನ್ನಡವನ್ನು ಅಂಗನವಾಡಿಯಲ್ಲಿ ಕಲಿಯುತ್ತಿರುವ ಮಗು ಸೂಚನೆ ಅರ್ಥವಾಗದೆ ತಪ್ಪಿದರೆ ಅದನ್ನು ಹೊಂದಿಕೊಳ್ಳುವ ಶಕ್ತಿಯ ಲೆಕ್ಕಕ್ಕೆ ಹಾಕಬಾರದು. ಎಲೆನ್ ಬಿಯಾಲಿಸ್ಟೊಕ್ 1999ರಲ್ಲಿ ದ್ವಿಭಾಷಿಕ ಮಕ್ಕಳು ಈ ಆಟದಲ್ಲಿ ಮುಂದಿದ್ದಾರೆ ಎಂದು ವರದಿ ಮಾಡಿದ್ದರು. ಆಮೇಲಿನ ಅಧ್ಯಯನಗಳು ಎಲ್ಲವೂ ಅದನ್ನು ಒಪ್ಪುವುದಿಲ್ಲ. ನಿಮ್ಮ ಮಾದರಿ ಚಿಕ್ಕದಾದ್ದರಿಂದ ಆ ವಾದಕ್ಕೆ ಇಳಿಯಬೇಡಿ, ಮಾಹಿತಿ ಮಾತ್ರ ಇರಲಿ.

ಅಂಗನವಾಡಿ ಹೆಚ್ಚಾಗಿ ಒಂದೇ ಕೋಣೆ. ಒಂದು ಮಗುವನ್ನು ಕೂರಿಸಿದರೆ ಉಳಿದವರು ಸುತ್ತ ನಿಂತು ‘ಅಲ್ಲಿ ಅಲ್ಲಿ’ ಎಂದು ಕೂಗುತ್ತಾರೆ, ಅದನ್ನು ಕೇಳಿಸಿಕೊಂಡ ಮುಂದಿನ ಮಗುವಿನ ಫಲಿತಾಂಶವೂ ಹೋಯಿತು. ಜಗಲಿಯಲ್ಲಿ, ಬಾಗಿಲಿಗೆ ಮಗುವಿನ ಬೆನ್ನು ಬರುವಂತೆ ಕೂರಿಸಿ. ಕಾರ್ಯಕರ್ತೆ ಅಥವಾ ಸಹಾಯಕಿ ಮಗುವಿನ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲಿ, ಆದರೆ ತಟ್ಟೆಗಳ ಕಡೆ ನೋಡುವಂತೆ ಕೂರಬಾರದು. ‘ಸರಿಯಾಗಿ ನೋಡಿ ಹಾಕು ಪುಟ್ಟಾ’ ಎಂಬ ಒಂದು ಮಾತು ಸಾಕು ಫಲಿತಾಂಶ ಕೆಡಲು. ಊಟದ ಹೊತ್ತಿಗೆ ಹತ್ತಿರ ಬೇಡ. ಅಡುಗೆಯ ವಾಸನೆ ಬಂದ ಮೇಲೆ ಯಾವ ಮಗುವೂ ಕಾರ್ಡ್ ನೋಡುವುದಿಲ್ಲ. ಒಬ್ಬರಿಗೆ 10 ನಿಮಿಷ ಮೀರಬಾರದು. ಎದ್ದು ಹೋಗುತ್ತೇನೆ ಎಂದರೆ ಬಿಟ್ಟುಬಿಡಿ.

ಅನುಮತಿ: ಕಾಲೇಜಿನ ನೈತಿಕ ಸಮಿತಿ, ಹೆತ್ತವರ ಲಿಖಿತ ಒಪ್ಪಿಗೆ, ಜೊತೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಪತ್ರ. ಮೂರೂ ಕೈಯಲ್ಲಿದ್ದ ಮೇಲೆಯೇ ಕೇಂದ್ರಕ್ಕೆ ಹೋಗಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಮಕ್ಕಳ ಬಗ್ಗೆ ಇರುವ ಭಾಗವನ್ನು ಓದಿಕೊಳ್ಳಿ.

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಡಿಸಿಸಿಎಸ್ ಮಾಡುವುದೆಂದು ನಿರ್ಧರಿಸಿದೆ. ಇನ್ನೆರಡು ಪ್ರಶ್ನೆ. ಎಲ್ಲರೂ 0 ಅಥವಾ 6 ತೆಗೆದರೆ ಟಿ-ಪರೀಕ್ಷೆ (ಎರಡು ಗುಂಪಿನ ಸರಾಸರಿ ಹೋಲಿಸುವ ಲೆಕ್ಕ) ಮಾಡಬಹುದಾ? ಮತ್ತೆ, ಮಗುವಿಗೆ ಹೊಸ ನಿಯಮ ಅರ್ಥವೇ ಆಗಲಿಲ್ಲವೋ, ಅರ್ಥವಾಗಿಯೂ ಹಳೆಯದನ್ನು ಮಾಡುತ್ತಿದೆಯೋ ಅಂತ ತಿಳಿಯುವುದು ಹೇಗೆ? ಎರಡು ಪೆಟ್ಟಿಗೆಯ ಮುಂದೆ ಗೊಂದಲವಾಗಿ ತೋಚಿದ್ದು ಮಾಡಿರಬಹುದಲ್ಲ?

ಎಣಿಕೆ:

ಗೊಂದಲವಾಗಿ ತೋಚಿದ್ದು ಮಾಡಿದೆಯೇ ಎಂಬುದನ್ನು ಅಂಕಗಳ ಹರಡುವಿಕೆಯೇ ಹೇಳುತ್ತದೆ. 6 ಪ್ರಯತ್ನದಲ್ಲಿ ಪ್ರತಿ ಸಲ ನಾಣ್ಯ ಚಿಮ್ಮಿದಂತೆ ಹಾಕಿದರೆ 64 ಸಾಧ್ಯತೆಗಳಲ್ಲಿ 0 ಅಥವಾ 1 ಬರುವುದು 7 ಸಲ (ಸುಮಾರು ಶೇ 11), 5 ಅಥವಾ 6 ಬರುವುದೂ 7 ಸಲ, ನಡುವಿನ 2ರಿಂದ 4 ಬರುವುದು 50 ಸಲ (ಸುಮಾರು ಶೇ 78). ಅಂದರೆ ಮಕ್ಕಳು ಊಹಿಸುತ್ತಿದ್ದರೆ ನಾಲ್ಕರಲ್ಲಿ ಮೂವರು ನಡುವೆ ಇರಬೇಕಿತ್ತು. ಈ ಪರೀಕ್ಷೆಯಲ್ಲಿ ನಡುವಿನ ಜಾಗ ಬಹುಪಾಲು ಖಾಲಿ ಇರುತ್ತದೆ. 0 ತೆಗೆದ ಮಗು ಗೊಂದಲದಲ್ಲಿಲ್ಲ. ಒಂದು ನಿಯಮವನ್ನು ಆರಕ್ಕೆ ಆರು ಸಲ ಶಿಸ್ತಾಗಿ ಪಾಲಿಸಿದೆ, ಅದು ಹಿಂದಿನ ಆಟದ ನಿಯಮ ಅಷ್ಟೇ.

ಅದಕ್ಕೇ ಸರಾಸರಿ ಮತ್ತು ಟಿ-ಪರೀಕ್ಷೆ ಇಲ್ಲಿ ಬೇಡ. ‘ಸರಾಸರಿ 3.1’ ಎಂದು ಬರೆದರೆ ಅಂಥ ಒಂದು ಮಗುವೂ ನಿಮ್ಮ ಗುಂಪಿನಲ್ಲಿ ಇರುವುದಿಲ್ಲ. ಪಾಸ್/ಫೇಲ್ ಎಂದು ಎಣಿಸಿ. ಸಂಖ್ಯಾಶಾಸ್ತ್ರದ ಪರೀಕ್ಷೆ ಹೀಗಿರಲಿ: ಎರಡು ವಯೋಗುಂಪು ಹೋಲಿಸಲು ಫಿಶರ್ ಎಕ್ಸಾಕ್ಟ್, ವಯಸ್ಸನ್ನು ತಿಂಗಳಲ್ಲಿ ಇಟ್ಟರೆ ಲಾಜಿಸ್ಟಿಕ್ ರಿಗ್ರೆಷನ್, ಒಂದೇ ಮಗುವಿಗೆ ಎರಡು ರೂಪದ ಆಟ ಕೊಟ್ಟರೆ ಮೆಕ್‌ನಿಮರ್. ಪಾಸಾಗಲು 5 ಎಂಬ ಅಳತೆಯಲ್ಲಿ ಊಹೆಯಿಂದಲೇ ಪಾಸಾಗುವವರು ಶೇ 11ರವರೆಗೆ ಇರಬಹುದು ಎಂಬುದನ್ನು ಬರೆಯಿರಿ.

ನಡುವೆ ಬಂದ ಕೆಲವರನ್ನು ಪ್ರಯತ್ನವಾರು ನೋಡಬೇಕು. 3 ಅಂಕಕ್ಕೆ ಮೂರು ಬೇರೆ ಅರ್ಥಗಳಿವೆ. ಆರೂ ಕಾರ್ಡ್ ಒಂದೇ ತಟ್ಟೆಗೆ ಹೋಗಿದ್ದರೆ ಅದು ಬದಿಯ ಅಭ್ಯಾಸ. ಎಡ, ಬಲ, ಎಡ, ಬಲ ಎಂದು ಹೋಗಿದ್ದರೆ ಅದು ತಾಳ ಹಿಡಿದಿರುವುದು. ಮೊದಲ ಮೂರು ತಪ್ಪಿ ಕೊನೆಯ ಮೂರು ಸರಿಯಾಗಿದ್ದರೆ ಮಗು ಬದಲಾವಣೆಯ ಹೊಸ್ತಿಲಲ್ಲೇ ಇದೆ. ನಿಮ್ಮ ಹಾಳೆಯಲ್ಲಿ ‘ಸರಿ/ತಪ್ಪು’ ಮಾತ್ರ ಇದ್ದರೆ ಇವನ್ನು ಬೇರ್ಪಡಿಸಲಾಗದು. ಯಾವ ಕಾರ್ಡ್, ಯಾವ ತಟ್ಟೆ ಎಂಬ ಎರಡೂ ಬೇಕು.

ಕಲಿಕೆ ಮತ್ತು ಗಮನ:

ಎರಡನೇ ಪ್ರಶ್ನೆಗೆ ನಾನು. ಝೆಲಾಝೊ, ಫ್ರೈ, ರೇಪಸ್ 1996ರಲ್ಲಿ ತೋರಿಸಿದ್ದು ಇದನ್ನೇ. ಹಳೆಯ ನಿಯಮದಲ್ಲಿ ಸಿಕ್ಕಿಕೊಂಡ 3 ವರ್ಷದ ಮಗುವನ್ನು ‘ಈ ಆಟದಲ್ಲಿ ಮೊಲಗಳು ಎಲ್ಲಿ ಹೋಗಬೇಕು?’ ಎಂಬಂತೆ ಕೇಳಿದರೆ ಸರಿಯಾದ ಜಾಗ ತೋರಿಸುತ್ತದೆ, ಮರುಕ್ಷಣವೇ ಕಾರ್ಡನ್ನು ಹಳೆಯ ತಟ್ಟೆಗೆ ಹಾಕುತ್ತದೆ. ನೀವೂ ಎರಡನೇ ಆಟದ ಕೊನೆಯಲ್ಲಿ ಈ ಪ್ರಶ್ನೆಯನ್ನು ಎರಡೂ ಚಿತ್ರಕ್ಕೆ ಕೇಳಿ. ನಡುವೆ ಕೇಳಬೇಡಿ, ಅದೇ ನೆರವಾಗಿಬಿಡಬಹುದು.

ಆದರೆ ‘ಗೊತ್ತು, ಮಾಡಲು ಬರುವುದಿಲ್ಲ’ ಎಂದು ತೀರ್ಮಾನ ಬರೆಯುವ ಮೊದಲು ಮುನಾಕಟಾ ಮತ್ತು ಯೆರಿಸ್ 2001ರಲ್ಲಿ ಎತ್ತಿದ ತಕರಾರನ್ನು ಗಮನಿಸಿ. ‘ಮೊಲ ಎಲ್ಲಿ?’ ಎಂಬ ಪ್ರಶ್ನೆಯಲ್ಲಿ ಬಣ್ಣವೇ ಇಲ್ಲ, ಎಳೆದಾಟವೂ ಇಲ್ಲ. ಕೈಯಲ್ಲಿರುವ ಕಾರ್ಡಿನಲ್ಲಿ ಬಣ್ಣವೂ ಇದೆ, ಚಿತ್ರವೂ ಇದೆ. ‘ಕೆಂಪು ಮೊಲ ಎಲ್ಲಿ?’ ಎಂದು ಪ್ರಶ್ನೆಯಲ್ಲೂ ಎರಡನ್ನೂ ಸೇರಿಸಿದಾಗ ಮಕ್ಕಳು ಪ್ರಶ್ನೆಯಲ್ಲೂ ತಪ್ಪಿದರು. ಎರಡೂ ಬಗೆಯ ಪ್ರಶ್ನೆ ಕೇಳಿ ಬೇರೆಬೇರೆ ಬರೆಯಿರಿ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ಇದೇ ಅತ್ಯಂತ ಬೆಲೆಯ ಮಾಹಿತಿ ಆಗುತ್ತದೆ.

ಯಾಕೆ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ವಿವರಣೆ ಒಂದಲ್ಲ. ‘ಬಣ್ಣದ ಆಟವಾದರೆ ಹೀಗೆ, ಚಿತ್ರದ ಆಟವಾದರೆ ಹಾಗೆ’ ಎಂದು ಎರಡು ನಿಯಮಗಳ ಮೇಲೊಂದು ನಿಯಮ ಕಟ್ಟಬೇಕು, ಅದು 3 ವರ್ಷದಲ್ಲಿ ಕಷ್ಟ ಎಂಬುದು ಝೆಲಾಝೊ ಪಕ್ಷ. ಗಮನ ಒಮ್ಮೆ ಕೂತ ಗುಣದಿಂದ ಏಳುವುದಿಲ್ಲ ಎಂಬುದು ಡೈಮಂಡ್ ಪಕ್ಷ. ಹೊಸ ನಿಯಮ ಮನಸ್ಸಿನಲ್ಲಿ ಎಚ್ಚರವಾಗಿ ಉಳಿಯುವಷ್ಟು ಬಲವಾಗಿಲ್ಲ, ಅಭ್ಯಾಸದಿಂದ ಗಟ್ಟಿಯಾದ ಹಳೆಯದು ಗೆಲ್ಲುತ್ತದೆ ಎಂಬುದು ಮುನಾಕಟಾ ಪಕ್ಷ. ಒಂದೇ ವಸ್ತುವನ್ನು ‘ಕೆಂಪು’ ಎಂದೂ ‘ಮೊಲ’ ಎಂದೂ ಎರಡು ಬಗೆಯಲ್ಲಿ ನೋಡಬಹುದು ಎಂಬುದೇ ಮಗುವಿಗೆ ಹೊಸದು ಎಂಬುದು ಪರ್ನರ್ ಪಕ್ಷ. ಈ ಕೊನೆಯದಕ್ಕೆ ಒಳ್ಳೆಯ ಆಧಾರವಿದೆ: ಬಣ್ಣವನ್ನು ಚಿತ್ರದಿಂದ ಬಿಡಿಸಿ, ಕಪ್ಪು ಗೆರೆಯ ಮೊಲದ ಪಕ್ಕ ಒಂದು ಕೆಂಪು ವೃತ್ತ ಇಟ್ಟರೆ ಸಣ್ಣ ಮಕ್ಕಳಿಗೆ ಬದಲಾಯಿಸುವುದು ಸುಲಭವಾಗುತ್ತದೆ (ಕ್ಲೂ ಮತ್ತು ಪರ್ನರ್, 2005). ಅದೇ ವರ್ಷ ಡೈಮಂಡ್ ತಂಡ ಬಣ್ಣವನ್ನು ಕಾರ್ಡಿನ ಹಿನ್ನೆಲೆಗೆ ಹಾಕಿ ಅಂಥದ್ದೇ ಫಲಿತಾಂಶ ಪಡೆಯಿತು. ನಿಯಮ ಅಷ್ಟೇ, ಸೂಚನೆ ಅಷ್ಟೇ, ಬದಲಾದದ್ದು ಬಣ್ಣ ಇರುವ ಜಾಗ.

ಎರಡು ಗುಂಪು ಬೇಕೆಂದಿದ್ದಿರಿ. ಒಂದಕ್ಕೆ ಬಣ್ಣ ತುಂಬಿದ ಮೊಲ, ಇನ್ನೊಂದಕ್ಕೆ ಗೆರೆಯ ಮೊಲ ಮತ್ತು ಪಕ್ಕದಲ್ಲಿ ಬಣ್ಣದ ವೃತ್ತ, ವಯಸ್ಸು 36ರಿಂದ 47 ತಿಂಗಳು. ಮುದ್ರಣಕ್ಕೆ ಎರಡು ಹಾಳೆ ಹೆಚ್ಚು, ಅಷ್ಟೇ ಖರ್ಚು. ತಟ್ಟೆಯ ಹಿಂದೆ ನಿಲ್ಲಿಸುವ ಕಾರ್ಡ್‌ಗಳನ್ನೂ ಅದೇ ರೀತಿ ಬಿಡಿಸುವುದನ್ನು ಮರೆಯಬೇಡಿ.

ಇನ್ನೊಂದು ಆಯ್ಕೆ ಎಂದರೆ ಪ್ರತಿ ಕಾರ್ಡಿಗೂ ಮಗುವಿನ ಬಾಯಿಂದಲೇ ‘ಇದೇನು?’ ಎಂದು ಹೊಸ ಆಟದ ಗುಣವನ್ನು ಹೇಳಿಸುವುದು. ಕರ್ಕಮ್ ತಂಡದ 2003ರ ಅಧ್ಯಯನದಲ್ಲಿ ಇದು ಚೆನ್ನಾಗಿ ಕೆಲಸ ಮಾಡಿತ್ತು, ಆಮೇಲೆ ಮಾಡಿದವರೆಲ್ಲರಿಗೂ ಆ ಫಲ ಸಿಗಲಿಲ್ಲ. ಪ್ರಾಜೆಕ್ಟಿನ ಭಾರ ಅದರ ಮೇಲೆ ಹಾಕಬೇಡಿ.

ಅಂಗಳ:

ಪ್ರಾಜೆಕ್ಟ್ ಮುಗಿದ ಮೇಲೆ ಕಾರ್ಯಕರ್ತೆಯರು ‘ಇದನ್ನು ಕಲಿಸುವುದು ಹೇಗೆ’ ಎಂದು ಕೇಳಿಯೇ ಕೇಳುತ್ತಾರೆ. ಕಾರ್ಡ್ ಪರೀಕ್ಷೆಯನ್ನೇ ಪಾಠವಾಗಿ ಕೊಡಬೇಡಿ. ಗುಂಡಿ ಅಥವಾ ಬಳೆ ವಿಂಗಡಿಸುವಾಗ ಹೀಗೆ ಮಾಡಬಹುದು: ಬಣ್ಣದ ಪ್ರಕಾರ ಮುಗಿದ ಮೇಲೆ ರಾಶಿಗಳನ್ನು ಪೂರ್ತಿ ಎತ್ತಿ ಚೀಲಕ್ಕೆ ಹಾಕಿ, ಮೇಜು ಖಾಲಿಯಾಗಲಿ. ಒಂದು ಬಳೆ ಎತ್ತಿ ‘ಇದು ಕೆಂಪೂ ಹೌದು, ದೊಡ್ಡದೂ ಹೌದು. ಈಗ ನಾವು ದೊಡ್ಡದು–ಸಣ್ಣದು ಮಾತ್ರ ನೋಡೋದು’ ಎನ್ನಿ. ತಪ್ಪಿದರೆ ‘ಅಲ್ಲ’ ಎಂದು ನಿಲ್ಲಿಸದೆ, ಬಳೆಯನ್ನು ಕೈಗೆ ವಾಪಸ್ ಕೊಟ್ಟು ‘ಈಗ ಏನು ನೋಡ್ತಾ ಇದ್ದೀವಿ?’ ಎಂದು ಕೇಳಿ ಮತ್ತೆ ಹಾಕಿಸಿ. ಯಾಕೆ ತಪ್ಪು ಎಂದು ತಿಳಿಸಿದಾಗ ಹಳೆಯದಕ್ಕೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ.

ಹೊರಗಿನ ಆಟಕ್ಕೆ ನಮ್ಮ ಕೆರೆ–ದಡವೇ ಇದೆ. ಸೀಮೆಸುಣ್ಣದ ಗೆರೆ, ಒಂದು ಬದಿ ಕೆರೆ, ಒಂದು ಬದಿ ದಡ. ಮೊದಲು ಮಾಮೂಲಿ ಆಟ, ಆಮೇಲೆ ಉಲ್ಟಾ: ‘ಕೆರೆ’ ಎಂದರೆ ದಡಕ್ಕೆ ಹಾರಬೇಕು. 3 ವರ್ಷದವರಿಗೆ ಕಷ್ಟ, 5ರವರಿಗೆ ಖುಷಿ. ಗುಂಪಿನಲ್ಲಿ ಪಕ್ಕದವರನ್ನು ನೋಡಿ ಹಾರುತ್ತಾರೆ, ಹಾಗಾಗಿ ಯಾರಿಗೆ ಬರುತ್ತದೆ ಎಂದು ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಆಡಿಸಿ. ಕೆರೆ, ದಡ, ಕೆರೆ, ದಡ ಎಂದು ಕ್ರಮವಾಗಿ ಕರೆದರೆ ಮಗು ಕೇಳದೆಯೇ ಪ್ರತಿ ಸಲ ಹಾರಿ ಗೆಲ್ಲುತ್ತದೆ. ‘ಕೆರೆ, ಕೆರೆ’ ಎಂದು ಅದೇ ಪದ ಎರಡು ಸಲ ಬಂದಾಗ ಸುಮ್ಮನೆ ನಿಲ್ಲುವುದೇ ಸರಿಯುತ್ತರ, ಆದ್ದರಿಂದ ಹಿಂಜರಿಯುವ ಮಗುವಿಗೂ ಅಲ್ಲಿ ಅಂಕ ಸಿಕ್ಕಿಬಿಡುತ್ತದೆ. ಹಾರಬೇಕಾದ ಕರೆಗಳನ್ನು ಬೇರೆ ಎಣಿಸಿ. ಹಾರಲು ಶುರುಮಾಡಿ ತಾನೇ ತಿದ್ದಿಕೊಂಡ ಮಗುವಿಗೆ 1, ನೇರ ಸರಿಯಾದರೆ 2, ತಪ್ಪಿದರೆ 0. ಈ ಅಂಕವನ್ನು ಕಾರ್ಡ್ ಆಟದ ಅಂಕದ ಜೊತೆ ಕೂಡಿಸಬೇಡಿ. ಇಲ್ಲಿ ಉತ್ತರ ತಿರುಗುತ್ತದೆ, ಗಮನ ಕೊಡಬೇಕಾದ ಗುಣ ಬದಲಾಗುವುದಿಲ್ಲ.

ಮಾಪನ ಮೈಸೂರು:

ಒಂದು ಸೇರ್ಪಡೆ. 5 ವರ್ಷದ ಹತ್ತಿರದವರು ಬಹುಪಾಲು ಎಲ್ಲರೂ ಪಾಸಾಗಿ ನಿಮಗೆ ವ್ಯತ್ಯಾಸವೇ ಕಾಣದೆ ಹೋಗಬಹುದು. ಅವರಿಗಾಗಿ ಅಂಚಿನ ರೂಪ ಸಿದ್ಧ ಇಟ್ಟುಕೊಳ್ಳಿ: ಅದೇ ಕಾರ್ಡ್‌ಗಳು, ಅರ್ಧದಷ್ಟಕ್ಕೆ ಸುತ್ತ ಕಪ್ಪು ಅಂಚು. ಅಂಚಿದ್ದರೆ ಬಣ್ಣದ ಆಟ, ಇಲ್ಲದಿದ್ದರೆ ಚಿತ್ರದ ಆಟ. 12 ಪ್ರಯತ್ನ, 9 ಬಂದರೆ ಪಾಸ್, ಎರಡನೇ ಹಂತ ಪಾಸಾದವರಿಗೆ ಮಾತ್ರ. ಅಂಚು ಕನಿಷ್ಠ ಅರ್ಧ ಸೆಂಟಿಮೀಟರ್ ದಪ್ಪ ಇರಲಿ, ಲ್ಯಾಮಿನೇಷನ್ ಮಾಡಿಸುವಾಗ ಕತ್ತರಿಸಿ ಹೋಗದಂತೆ ಅಂಗಡಿಯವರಿಗೆ ಮೊದಲೇ ಹೇಳಿ. ಲ್ಯಾಮಿನೇಷನ್ ಹೊಳಪಿನದ್ದು ಬೇಡ, ಜಗಲಿಯ ಬೆಳಕಿಗೆ ಕನ್ನಡಿಯಂತೆ ಹೊಳೆದು ಚಿತ್ರ ಕಾಣುವುದಿಲ್ಲ. ಮ್ಯಾಟ್ ಕೇಳಿ.